ಮಾವನವರ ರೂಮಿಗೊಂದು ಚಿಕ್ಕ ಟೀವಿ

ಮಾವ,

ಮಾತ್ರೆ ಫ್ರಿಜ್ಜಿನ ಮೇಲಿದೆ, ತಿಂಡಿ ಆದಮೇಲೇ ತಗೊಳ್ಳಿ.

ಮೊನ್ನೆ ನಿಮ್ಮ ರೂಮಲ್ಲಿ ಗೋಡೆ ಅಳೆದಿದ್ದು ಕಪಾಟಿಗಲ್ಲ, ಚಿಕ್ಕ ಟೀವಿಗೆ. ನಿಮ್ಮ ನ್ಯೂಸಿನ ಕೂಗಾಟಕ್ಕೆ ತಲೆ ಚಿಟ್ಟು ಹಿಡಿದು, ನಿಮ್ಮನ್ನ ಹಾಲಿಂದ ಸಾಗಹಾಕೋಣ ಅಂತಿದ್ದೆ.

ನಿನ್ನೆ ಅಂಗಡೀಲಿ ಎರಡು ಎಲ್‌ಸಿಡಿ ಟೀವಿ ಅಕ್ಕಪಕ್ಕ ಇಟ್ಟು ತೋರಿಸಿದ್ರು. ಅಗ್ಗದ್ದರಲ್ಲಿ ಎದುರಿಂದ ಚಿತ್ರ ಕನ್ನಡಿ ಥರ ಇತ್ತು, ಪಕ್ಕದಿಂದ ನೋಡಿದ್ರೆ ಮುಖವೆಲ್ಲ ಕಪ್ಪು. "ನೋಡೋರು ಒಬ್ಬರೇ ಆದ್ರೆ ಇದೇ ಸಾಕು ಬಿಡಿ ಮೇಡಂ" ಅಂದ ಅಂಗಡಿಯವನು. ನೀವೊಬ್ಬರೇ ರೂಮಲ್ಲಿ ಕೂತು ನೋಡೋದು ಕಣ್ಣಿಗೆ ಕಟ್ಟಿತು, ಬರಿಗೈಲಿ ಬಂದೆ.

ನಿಮ್ಮ ಕುರ್ಚಿ ಹಾಲಲ್ಲೇ ಇರಲಿ. ಸೌಂಡು ಮಾತ್ರ ಒಂಚೂರು ಇಳಿಸಿ, ದಮ್ಮಯ್ಯ.

ಬೈಯೋದಿದ್ರೆ ಸಂಜೆ ಬೈದುಬಿಡಿ. ಮೊನ್ನೆ ಕಪಾಟಿಗೆ ಅಂದ್ಕೊಂಡು ಅಳತೆ ಟೇಪಿನ ಇನ್ನೊಂದು ತುದಿ ಹಿಡ್ಕೊಂಡು, "ನೆಟ್ಟಗಿದೆಯೇನಮ್ಮ?" ಅಂತ ಕೇಳ್ತಾ ನಿಂತಿದ್ದೋರು ನೀವೇ ಅಲ್ವಾ.