ಮನೈ ನೋಡಲು ಹೋದದ್ದು

8-2-1998, ಭಾನುವಾರ

ಅತ್ತೆ ಮುಖ ಗಂಟಿಕ್ಕಿಕೊಂಡೇ ಮಲಗಿದ್ದಾರೆ. ತಪ್ಪು ನಮ್ಮ ಯಜಮಾನರದೇ. ಮನೆಯಲ್ಲಿ ನಮ್ಮ ಕನ್ನಡ ಆಡುವಾಗ ನಡುವೆ ಹೊರಗಿನ ತಮಿಳು ತೂರಿಸಿ, "ಕಂಬಂ ರೋಡಲ್ಲಿ ಒಳ್ಳೇ ಮನೈ ಐತೆ, ಬಾ ಅವ್ವಾ" ಅಂದುಬಿಟ್ಟರು. ತಮಿಳಿನ ಮನೈ ಅಂದರೆ ಬರೀ ಸೈಟು. ಅತ್ತೆಗೆ ಕೇಳಿಸಿದ್ದು ಮನೆ.

ಶೇರ್ ಆಟೋದಲ್ಲಿ ಹೋಗಿ ಇಳಿದರೆ ಸಾಲಾಗಿ ನೆಟ್ಟ ಕಲ್ಲುಗಳು, ಆಚೆ ತೆಂಗಿನ ತೋಟ. ಅತ್ತೆ ಸುತ್ತ ನೋಡಿ, "ಮನೆ ಎಲ್ಲಪ್ಪಾ?" ಅಂದರು.

ಇವರು ನಕ್ಕರು. "ಇನ್ನು ಕಟ್ಟಬೇಕು ಅವ್ವಾ. ಗಾಳಿ ನೋಡು, ಹೆಂಗೈತೆ!"

"ಗಾಳಿ ಜತೆ ಮಾತಾಡ್ಕಂಡು ಇರ್ಲಾ?"

ನನಗೇನೋ ಜಾಗ ಹಿಡಿಸಿತ್ತು. ದೊಡ್ಡ ಅಡುಗೆಮನೆ ಕಟ್ಟಿಸಬಹುದು, ಕಿಟಕಿ ತೆಗೆದರೆ ಬೆಟ್ಟ. ಅತ್ತೆಯ ಮೇಲೆ ಸಿಟ್ಟೇ ಬಂತು.

ಸಂಜೆ ಊರಿಗೆ ಬಂದು ಸಾರು ಒಲೆಯ ಮೇಲಿಟ್ಟು ನೋಡಿದರೆ ಕರಿಬೇವಿಲ್ಲ. ಸೌಟು ಹಿಡಿದುಕೊಂಡೇ ಓಣಿ ದಾಟಿ ಕಲೈಸೆಲ್ವಿಯ ಹಿತ್ತಲಲ್ಲಿ ಒಂದು ಕಡ್ಡಿ ಮುರಿದುಕೊಂಡೆ. ದಾರಿಯುದ್ದಕ್ಕೂ ಜಗಲಿ ಮೇಲೆ ಕೂತವರದು ಒಂದೇ ಪ್ರಶ್ನೆ, "ನಿಮ್ಮತ್ತೆ ಯಾಕೆ ಸಪ್ಪಗವ್ಳೆ?" ಎಲ್ಲರಿಗೂ ಉತ್ತರ ಕೊಟ್ಟು ಬಂದರೂ ಸಾರು ಇನ್ನೂ ಕುದಿ ಬಂದಿರಲಿಲ್ಲ.

ಆ ಕಲ್ಲುಗಳ ನಡುವೆ ಕರಿಬೇವಿಗೂ ಆಟೋ ಕಾಯಬೇಕು. ಅತ್ತೆ ಸಪ್ಪಗಿದ್ದರೆ ಅಲ್ಲಿ ಕೇಳುವವರು ಯಾರು? ನಾನು ಸಪ್ಪಗಿದ್ದರೆ?

ಈಗ ಇವರು ಪಕ್ಕದಲ್ಲಿ ಕೂತು, ನಾಳೆ ಸೈಟಿನವನಿಗೆ ಏನು ಹೇಳಲಿ ಅಂತ ಕೇಳುತ್ತಿದ್ದಾರೆ.

"ಮನೆ ಎಲ್ಲಪ್ಪಾ ಅಂತ ಕೇಳಿ" ಅಂದೆ.

ಒಳಗಿನ ಕತ್ತಲೆಯಲ್ಲಿ ಅತ್ತೆ ನಕ್ಕಿದ್ದು ಕೇಳಿಸಿತು. ಕಳ್ಳಿ, ಮಲಗಿಯೇ ಇರಲಿಲ್ಲ.