ಉಪ್ಪು ಬೆರೆಸಿದ ಐಸು

೯-೮-೧೯೮೪, ಗುರುವಾರ

ಇಪ್ಪತ್ತು ದಿನದಿಂದ ಕಾದಿದ್ದ ಹೈದರಾಬಾದಿನ ವರದಿ ಬಂತು. ಅತ್ತಿಗೆಯ ಎದೆಯ ಗಡ್ಡೆಯಲ್ಲಿ ಹಾರ್ಮೋನು ಹಿಡಿಯುವ ಗ್ರಾಹಕಗಳಿವೆ. ಅಂದರೆ ಮಾತ್ರೆ ಕೆಲಸ ಮಾಡಬಹುದು.

ಆಪರೇಷನ್ ದಿನ, ನಮ್ಮ ಲ್ಯಾಬಿನ ರೂಢಿಯಂತೆ, ಕೊಯ್ದ ಚೂರನ್ನು ಕೊಳೆಯದಂತೆ ಇಡುವ ಫಾರ್ಮಲಿನ್ನಿಗೆ ಹಾಕಿಬಿಟ್ಟಿದ್ದೆ. ಅದರಲ್ಲಿ ಬಿದ್ದ ಚೂರು ಈ ಪರೀಕ್ಷೆಗೆ ಬರುವುದಿಲ್ಲ. ಡಾಕ್ಟರು ಬೈದು, ಗಡ್ಡೆಯಿಂದ ಇನ್ನೊಂದು ಚೂರು ಕೊಯ್ದುಕೊಟ್ಟರು. ಐಸ್‌ಕ್ಯಾಂಡಿ ಫ್ಯಾಕ್ಟರಿಯ ಐಸಿಗೆ, ಇನ್ನಷ್ಟು ತಣ್ಣಗಾಗಲೆಂದು, ಕಲ್ಲುಪ್ಪು ಬೆರೆಸಿ, ಚೂರನ್ನು ಅದರೊಡನೆ ಥರ್ಮಾಸಿನಲ್ಲಿಟ್ಟು ನಾನೇ ಬಸ್ಸಿನಲ್ಲಿ ಹೈದರಾಬಾದಿಗೆ ಒಯ್ದೆ.

ಇವತ್ತು ಆ ತಪ್ಪನ್ನು ಅತ್ತಿಗೆಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ.

“ನಾ ಇನ್ನೂ ಕರ್ನೂಲು ದಾಟಿಲ್ಲ, ನನ್ನ ಗಡ್ಡಿ ಹೈದರಾಬಾದ್ ನೋಡಿಬಿಡ್ತಲ್ಲೋ ವಾಸು!”

ಎಷ್ಟೋ ದಿನದ ಮೇಲೆ ಅಣ್ಣ ಜೋರಾಗಿ ನಕ್ಕ. ಅತ್ತಿಗೆ ಮೊದಲ ಮಾತ್ರೆ ನುಂಗಿದ್ದು ಎಂಟೂಕಾಲಿಗೆ. ನಾಳೆಯದನ್ನೂ ಹೀಗೇ ಬರೆದಿಡಬೇಕು, ಕಣ್ಣು ಎಳೆಯುತ್ತಿದೆ, ಇನ್ನು…