ಗಡಿಯಾರದ ಕೆಳಗಿನ ಗೋಡೆ

ವಿಟ್‌ಹಾಫೆನ್,
೧೨ ಮಾರ್ಚ್ ೨೦೧೭, ಭಾನುವಾರ

ಪ್ರೀತಿಯ ವೀಬ್ಕೆ,

ಮೊದಲಿಗೆ ನಿನ್ನೊಡನೆ ಮೇಜಿನ ಸುತ್ತ ಕುಳಿತಿರುವ ಎಲ್ಲರಿಗೂ ನನ್ನ ನಮಸ್ಕಾರ. ಬಾಸೆಲ್‌ನ ನಿಮ್ಮ ತಂಗುಮನೆಯಲ್ಲಿ, ಊರೂರು ಅಲೆಯುತ್ತ ಕಸುಬು ಕಲಿಯುವವರಿಗೆ ಬಂದ ಕಾಗದವನ್ನು ಊಟಕ್ಕೆ ಮುನ್ನ ಗಟ್ಟಿಯಾಗಿ ಓದಿಸುವ ರೂಢಿಯಿದೆಯೆಂದು ನಮ್ಮ ಕೆಲಸಗಾರ ಎಗ್ಗರ್ಟ್ ಹೇಳಿದ. ಇದನ್ನೂ ಹಾಗೆಯೇ ಓದು, ಒಂದು ಸಾಲನ್ನೂ ಬಿಡಬೇಡ. ಚಳಿಗಾಲವಿಡೀ ನಿನಗೆ ಹಾಸಿಗೆ ಕೊಟ್ಟ ಯಜಮಾನರಿಗೂ, ಅವರಿಗಿಂತ ಮೊದಲು ಆ ಬಾಗಿಲನ್ನು ತೆರೆದಿಟ್ಟ ಹಿರಿಯರಿಗೂ ನಾನು ಋಣಿ. ನಿನ್ನ ಊರು ಮಾಡಬೇಕಾದದ್ದನ್ನು ಅವರು ಮಾಡಿದ್ದಾರೆ.

ನಿನ್ನ ಕಾರ್ಡು ಡಿಸೆಂಬರಿನಲ್ಲೇ ಕೈಸೇರಿತು. ಉತ್ತರಕ್ಕೆ ಮೂರು ತಿಂಗಳು ಹಿಡಿದದ್ದಕ್ಕೆ ಕ್ಷಮಿಸು. ‘ಮೂರು ವರ್ಷ ಒಂದು ದಿನ ಮುಗಿಯಿತು, ಆದರೂ ಮರಳುವ ಮನಸ್ಸಿಲ್ಲ’ ಎಂಬ ನಿನ್ನ ಒಂದು ಸಾಲನ್ನು ಕಿಟಕಿಯ ಬಳಿ ಇಟ್ಟುಕೊಂಡು ದಿನಾ ಓದುತ್ತಿದ್ದೆ. ಹೊರಟವರು ಅಷ್ಟು ಕಾಲ ಊರಿನ ಐವತ್ತು ಕಿಲೋಮೀಟರಿನೊಳಗೆ ಕಾಲಿಡಬಾರದೆಂಬುದು ನಿಯಮ. ಅವಧಿ ಮುಗಿದ ಮೇಲೂ ದೂರ ನಿಲ್ಲಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ನಿನ್ನನ್ನು ಅಲ್ಲಿ ತಡೆದು ನಿಲ್ಲಿಸಿರುವುದು ನಾನೆಂದು ನನಗೆ ಗೊತ್ತು.

ರೈಲು ನಿಲ್ದಾಣದ ಸಮಾಚಾರ ಹೇಳುತ್ತೇನೆ. ಮತ್ತೆ ಸಾರುವೆ ಕಟ್ಟಿದ್ದೇವೆ. ನಿನ್ನ ಮೊದಲ ದಿನ ನೆನಪಿದೆಯೇ? ಕಟ್ಟಡವನ್ನು ಒಂದು ಸುತ್ತು ಬಂದು, “ಮೇಸ್ತ್ರಿ, ಊರೋರೆಲ್ಲ ಹಿತ್ತಲ ಬಾಗಿಲಲ್ಲೇ ಹೋಗ್ಬೇಕಾ?” ಎಂದು ಕೇಳಿದ್ದೆ. ೧೯೦೩ರಲ್ಲಿ ಅದನ್ನು ಕಟ್ಟಿದವರು ಹಡಗಿನಿಂದ ಇಳಿಯುವವರನ್ನೇ ದೊಡ್ಡವರೆಂದು ಎಣಿಸಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಏರುವ ಕೆಂಪು ಗೋಡೆ, ಹಸಿರು ಮೆರುಗಿನ ಇಟ್ಟಿಗೆಯ ಪಟ್ಟಿಗಳು, ಗಡಿಯಾರ, ಎಲ್ಲವೂ ಬಂದರಿನ ಕಡೆಗೆ. ನಮಗೆ ಒಂದು ಸಾದಾ ಬಾಗಿಲು. ಅದಕ್ಕೆ ತಕ್ಕಂತೆ ಸಮುದ್ರದ ಉಪ್ಪುಗಾಳಿಯೂ ಆ ಚೆಲುವಾದ ಮುಖಕ್ಕೇ ಬಡಿಯುತ್ತದೆ.

ಆದರೂ ಆ ಕಟ್ಟಡಕ್ಕೆ ನಾನು ಎಷ್ಟು ಕೃತಜ್ಞನಾಗಿದ್ದರೂ ಸಾಲದು. ನಲವತ್ತೈದರ ಮಾರ್ಚಿನಲ್ಲಿ, ಯುದ್ಧದ ಕೊನೆಗೆ, ನನ್ನ ತಾಯಿ ಪೂರ್ವದಿಂದ ಓಡಿಬಂದು, ಸೂರು ಸುಟ್ಟುಹೋಗಿದ್ದ ಅದರ ಹಜಾರದಲ್ಲಿ ಹನ್ನೊಂದು ದಿನ ಮಲಗಿದ್ದರು. ಮುಂದೆ ಮದುವೆಯಾಗಿ ಸ್ವಂತ ಮನೆ ಮಾಡಿದ ಮೇಲೂ ಅಲ್ಲಿ ಹಾದುಹೋಗುವಾಗ ಗೋಡೆಯನ್ನೊಮ್ಮೆ ಅಂಗೈಯಿಂದ ಮುಟ್ಟಿ ಹೋಗುತ್ತಿದ್ದರು.

ನಿನಗೆ ಗೊತ್ತಿರುವುದೇ ಆದರೂ, ಮೇಜಿನ ಸುತ್ತ ಬಡಗಿಗಳೂ ಇರಬಹುದೆಂದು ಬರೆಯುತ್ತಿದ್ದೇನೆ. ನಮ್ಮ ನಿಲ್ದಾಣ ಕೆಸರಿನಲ್ಲಿ ನೆಟ್ಟ ಓಕ್ ಕಂಬಗಳ ಮೇಲೆ ನಿಂತಿದೆ. ರೈಲು ಬಂದಾಗಲೆಲ್ಲ ಕೂದಲೆಳೆಯಷ್ಟು ಅಲುಗುತ್ತದೆ. ಇಟ್ಟಿಗೆಗಳ ಸಂದಿನಲ್ಲಿ ಸುಣ್ಣದ ಗಾರೆಯಿದ್ದರೆ ಅದೂ ಜೊತೆಗೆ ಅಲುಗುತ್ತದೆ, ಒಳಹೊಕ್ಕ ನೀರನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಎರಡನ್ನೂ ಮಾಡುವುದಿಲ್ಲ. ಒಳಗೆ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ.

ಗಡಿಯಾರದ ಕೆಳಗೆ ನೀನು ಹೊಸದಾಗಿ ಸಂದು ತುಂಬಿದ ಮೂರು ಮೀಟರ್ ಗೋಡೆ ೨೦೧೩ರ ವಸಂತದಲ್ಲಿ ಹಾಗೆಯೇ ಸಿಡಿಯಿತು. ಒಡಕಿನಲ್ಲಿ ಬೂದು ಬಣ್ಣ ಕಂಡಿತು. ಸಾರುವೆಯ ಮೇಲಿದ್ದ ಹದಿನಾಲ್ಕು ಜನರೆದುರು ನಾನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: “ಬೇಗ ಒಣಗ್ಲಿ ಅಂತ ಸುಣ್ಣಕ್ಕೆ ಸಿಮೆಂಟ್ ಕಲಸಿದೀಯ. ನಿನ್ನಂಥೋರಿಗೆ ಈ ಗೋಡೆ ಅಲ್ಲ, ದನದ ಕೊಟ್ಟಿಗೆ ಸರಿ.” ನೀನು, “ನಾನು ಹಾಕಿಲ್ಲ” ಎಂದೆ. ಅಷ್ಟೇ. ಆ ಶರತ್ಕಾಲದಲ್ಲಿ ನೀನು ಪದ್ಧತಿಯಂತೆ ಊರ ಹೆಸರಿನ ಫಲಕವನ್ನು ಹತ್ತಿ ಆಚೆಗೆ ಧುಮುಕಿ ಹೊರಟಾಗ ಎಲ್ಲರೂ ಬೀಳ್ಕೊಡಲು ಬಂದಿದ್ದರು. ನಾನು ಮೊಣಕಾಲು ನೋವೆಂದು ಹೇಳಿಕಳಿಸಿದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಹಲಗೆ ಹೊಡೆದು ಮುಚ್ಚಿಟ್ಟಿದ್ದ ಆ ಗೋಡೆಯನ್ನು ಕಳೆದ ಮಂಗಳವಾರ ಬಿಚ್ಚಿದೆವು. ಇಟ್ಟಿಗೆ ಕೀಳುತ್ತಿದ್ದ ಎಗ್ಗರ್ಟ್ ತಟ್ಟನೆ ಕೈ ನಿಲ್ಲಿಸಿದ.

“ಮೇಸ್ತ್ರಿ, ಸ್ವಲ್ಪ ಇಲ್ಲಿ ನೋಡಿ. ಹುಡುಗಿ ತುಂಬಿದ್ದು ಅಪ್ಪಟ ಸುಣ್ಣ. ಸಿಮೆಂಟ್ ಇರೋದು ಅದರ ಹಿಂದೆ.”

“ಎಷ್ಟು ಹಿಂದೆ?”

“ಎರಡು ಬೆರಳು. ಮೇಲೆ ಯಾರೋ ಕರಣೆ ತುದೀಲಿ ಗೀಚಿದಾರೆ, ಎಂಬತ್ತೇಳು ಅಂತ. ಆಗ ವೀಬ್ಕೆ ಹುಟ್ಟೇ ಇರ್ಲಿಲ್ವಲ್ಲ ಮೇಸ್ತ್ರಿ. ಹುಟ್ಟೋಕೆ ಮುಂಚೇನೇ ಕಲಸಿಬಿಟ್ಲಾ?”

ಯಾರೂ ನಗಲಿಲ್ಲ. ಮಧ್ಯಾಹ್ನ ಹಜಾರದಲ್ಲಿ ಮೀನಿನ ಬನ್ನು ಮಾರುವ ಹೆಲ್ಮಾಳ ಅಂಗಡಿಗೆ ಹೋದರೆ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. “ಬನ್ನು ಆಮೇಲೆ ಕೊಡ್ತೀನಿ ಕಣಯ್ಯಾ, ಮೊದಲು ಆ ಮಗೂಗೆ ಕಾಗದ ಬರಿ. ಇಷ್ಟು ದಿನ ಗೋಡೆಗೆ ಹಲಗೆ ಹೊಡೆದಿದ್ಯೋ, ಬಾಯಿಗೆ ಹೊಡಕೊಂಡಿದ್ಯೋ?” ಎಂದು ಕೇಳಿದಳು. ಐದು ದಿನದಿಂದ ನನಗೆ ಮೀನು ಸಿಕ್ಕಿಲ್ಲ.

ವೀಬ್ಕೆ, ನೀನು ತಪ್ಪು ಮಾಡಿರಲಿಲ್ಲ. ಹದಿನಾಲ್ಕು ಜನರೆದುರು ಆಡಿದ ಮಾತನ್ನು ಮೊನ್ನೆ ಗುರುವಾರ, ಅದೇ ಸಾರುವೆಯ ಮೇಲೆ, ಈಗ ಉಳಿದಿರುವ ಒಂಬತ್ತು ಜನರೆದುರು ಹಿಂತೆಗೆದುಕೊಂಡಿದ್ದೇನೆ. ನಿನ್ನ ಸಂದುಗಳನ್ನು ಹೊಸ ಹುಡುಗ ಹುಡುಗಿಯರಿಗೆಲ್ಲ ತೋರಿಸಿದೆ. ಐದು ಚಳಿಗಾಲ ಕಳೆದರೂ ನಿನ್ನ ಸುಣ್ಣ ಒಂದು ಕಡೆಯೂ ಬಿರಿದಿಲ್ಲ. ಇಷ್ಟು ಒಳ್ಳೆಯ ಕೈಯನ್ನು ಕಲಿಸುವ ಭಾಗ್ಯ ನನಗೆ ದೊರೆತದ್ದಕ್ಕೆ ನಾನು ಕೃತಜ್ಞ. ಅದನ್ನು ಹೇಳಲು ಇಷ್ಟು ವರ್ಷ ತೆಗೆದುಕೊಂಡದ್ದಕ್ಕೆ ನಾಚಿದ್ದೇನೆ.

ಇನ್ನೊಂದು ಮಾತು. ನೀನು ಹೊರಟ ವಾರ ನಾನು ಅಂಗಳದ ಗುಂಡಿಯಲ್ಲಿ ಸುಣ್ಣ ಅರಳಿಸಿ, ಮೇಲೆ ನೀರು ನಿಲ್ಲಿಸಿ ಮುಚ್ಚಿಟ್ಟೆ. ಆಗ ಏಕೆಂದು ನನಗೇ ತಿಳಿದಿರಲಿಲ್ಲ. ಮೊನ್ನೆ ತೆರೆದು ನೋಡಿದರೆ ಬೆಣ್ಣೆಯ ಹಾಗಿದೆ. ಆ ಮೂರು ಮೀಟರ್ ಗೋಡೆಗೆ ಸಾಕಾಗುವಷ್ಟಿದೆ, ಮತ್ತು ಅದನ್ನು ಬೇರೆ ಯಾರ ಕೈಗೂ ನಾನು ಕೊಡುವುದಿಲ್ಲ.

ಹೊರಡುವಾಗ ಊರ ಫಲಕದ ಬುಡದಲ್ಲಿ, ಮರಳಿ ಬಂದ ದಿನ ತೆಗೆಯಲೆಂದು ನೀನು ಹೂತ ಬಾಟಲಿ ಹಾಗೆಯೇ ಇದೆ. ಎಗ್ಗರ್ಟ್ ತಿಂಗಳಿಗೊಮ್ಮೆ ಹೋಗಿ ಮಣ್ಣು ತುಳಿದು ನೋಡಿ ಬರುತ್ತಾನೆ. ಅದನ್ನು ಅಗೆದು ತೆಗೆಯುವ ಹಕ್ಕು ನಿನ್ನೊಬ್ಬಳದೇ.

ನಿನ್ನ ಕೈಗೆ ಬಲವಿರಲಿ, ನಡೆದ ದಾರಿಯೆಲ್ಲ ಒಣಗಿರಲಿ, ಹೋದಲ್ಲೆಲ್ಲ ನಿನಗಾಗಿ ಒಂದು ಕುರ್ಚಿ ಇರಲಿ.

ನಿನ್ನ ಮೇಸ್ತ್ರಿ,
ಹಿನ್ರಿಕ್ ಫೊಸ್

ಮರೆತ ಮಾತು: ಮರೆತೆನೆಂದು ಬರೆದದ್ದೂ ಸುಳ್ಳು, ಮಗಳೇ. ಇದನ್ನು ಬರೆಯಲೆಂದೇ ಈ ಕಾಗದ ಶುರುಮಾಡಿದ್ದು. ಇದನ್ನೂ ಗಟ್ಟಿಯಾಗಿ ಓದು.

ಎಂಬತ್ತೇಳು ಎಂಬ ಗೀಚಿನ ಕೆಳಗೆ ಎರಡು ಅಕ್ಷರಗಳಿದ್ದವು. ಎಗ್ಗರ್ಟ್ ಬಗ್ಗಿ ನೋಡುವ ಮೊದಲೇ ನಾನು ಹೆಬ್ಬೆರಳಿನಿಂದ ಹಸಿ ಸುಣ್ಣ ಒತ್ತಿ ಮುಚ್ಚಿದೆ. ಅವು ನನ್ನ ಹೆಸರಿನವು. ಆ ವರ್ಷ ಊರಿನಲ್ಲಿ ಸುಣ್ಣ ಸಿಗುತ್ತಿರಲಿಲ್ಲ, ಊರ ಉತ್ಸವಕ್ಕೆ ಎಂಟು ದಿನ ಉಳಿದಿತ್ತು. ಒಳಗೆ ಸಿಮೆಂಟು ತುಂಬಿ, ಕಾಣುವಷ್ಟಕ್ಕೆ ಮಾತ್ರ ಸುಣ್ಣ ಬಳಿದೆ. ನನ್ನ ತಾಯಿ ಮುಟ್ಟಿ ಹೋಗುತ್ತಿದ್ದ ಗೋಡೆಗೆ. ಅಷ್ಟು ಮಾತ್ರವಲ್ಲ. ನೀನು ಸಂದು ಕೆರೆಯುತ್ತಿದ್ದಾಗ ಕೆಳಗಿಳಿದು ಬಂದು, “ಮೇಸ್ತ್ರಿ, ಒಳಗೆ ಏನೋ ಬೂದು ಬೂದಾಗಿ ಗಟ್ಟಿಯಾಗಿದೆ, ತೆಗೀಲಾ?” ಎಂದು ಕೇಳಿದ್ದೆ. “ಹಳೇ ಗಾರೆ ಹಾಗೇ ಇರತ್ತೆ, ತುಂಬು” ಎಂದವನು ನಾನು. ಅದು ಏನೆಂದು ಆಗಲೂ ನನಗೆ ಗೊತ್ತಿತ್ತು. ಮರುವರ್ಷ ನಿನ್ನನ್ನು ಬೈದಾಗಲೂ ಗೊತ್ತಿತ್ತು. ನಮ್ಮಿಬ್ಬರ ಆ ಮಾತನ್ನು ನೀನು ಸಾರುವೆಯ ಮೇಲೆ ಹೇಳಿದ್ದರೆ ಸಾಕಿತ್ತು. ನೀನು ನನ್ನ ಮುಖವನ್ನೊಮ್ಮೆ ನೋಡಿ, ಸುಮ್ಮನೆ ಕರಣೆ ತೊಳೆದಿಟ್ಟೆ. ಆ ಮೌನಕ್ಕೆ ನಾನು ಎಷ್ಟು ಋಣಿಯೋ, ಅದರಿಂದ ಅಷ್ಟೇ ಕುಗ್ಗಿಹೋಗಿದ್ದೇನೆ.

ನಾಳೆ ಬೆಳಗ್ಗೆ ಆ ಸುಣ್ಣ ಕೆರೆದು ಅಕ್ಷರಗಳನ್ನು ಎಗ್ಗರ್ಟ್‌ಗೆ ತೋರಿಸುತ್ತೇನೆ. ಆಮೇಲೆ ಆ ಸಿಮೆಂಟನ್ನು ನನ್ನ ಉಳಿಯಿಂದಲೇ ಒಡೆದು ತೆಗೆಯುತ್ತೇನೆ. ಆ ಭಾಗದ ಕೆಲಸ ನನ್ನದು. ಸುಣ್ಣದ ಕೆಲಸ ನಿನ್ನದು. ಏಪ್ರಿಲ್ ಮೂರು, ಸೋಮವಾರ, ಗಡಿಯಾರ ಏಳು ತೋರಿಸುವಾಗ ಇಟ್ಟಿಗೆಗಳನ್ನು ನೀರಿನಲ್ಲಿ ನೆನೆಸಿಟ್ಟಿರುತ್ತೇನೆ. ಬಂದರಿನ ಕಡೆಯ ಬಾಗಿಲಿನಿಂದಲೇ ಬಾ. ಬಂದು, ಮೊದಲ ಇಟ್ಟಿಗೆಯನ್ನು ನೀನೇ ಎತ್ತು.